ಐಟಿಐ ಬ್ಯಾಚಿನವರನ್ನು ಮತ್ತೆ ಕೂಡಿಸುವ ಕೆಲಸ: ರಿಜಿಸ್ಟರ್ ಮೊದಲು, ವಾಟ್ಸ್‌ಆ್ಯಪ್ ಗ್ರೂಪ್ ಆಮೇಲೆ

ನಿವೃತ್ತರಾದ ಐಟಿಐ ಗೆಳೆಯರ ಗ್ರೂಪುಗಳು ಕೆಡುವ ರೀತಿ ಬೆಳಗಾವಿಯಲ್ಲಾಗಲಿ, ಬಾಗಲಕೋಟೆಯಲ್ಲಾಗಲಿ ಹೆಚ್ಚುಕಡಿಮೆ ಒಂದೇ. ಯಾರದೋ ಮಗಳ ಮದುವೆಯಲ್ಲಿ ನಾಲ್ಕು ಜನ ಭೇಟಿಯಾಗುತ್ತಾರೆ, ಊಟದ ಪಂಕ್ತಿಯಲ್ಲೇ ಗ್ರೂಪ್ ತೆರೆಯುತ್ತಾರೆ, ಸಿಕ್ಕಸಿಕ್ಕವರನ್ನು ಸೇರಿಸುತ್ತಾರೆ. ಕೆಲವು ತಿಂಗಳಿಗೆ ಅಲ್ಲಿ ಉಳಿಯುವುದು ಶುಭೋದಯದ ಗುಲಾಬಿ ಹೂವು ಮತ್ತು ಚುನಾವಣೆ ಜಗಳ. ಗೆಳೆಯನೊಬ್ಬ ತೀರಿಕೊಂಡದ್ದು ಉಳಿದವರಿಗೆ ತಿಳಿಯುವ ಹೊತ್ತಿಗೆ ದಿನಕರ್ಮವೂ ಮುಗಿದಿರುತ್ತದೆ. ಕೆಲಸದ ಕ್ರಮ ತಿರುವುಮುರುವಾದದ್ದೇ ಇದಕ್ಕೆ ಕಾರಣ. ಕೊನೆಗೆ ಮಾಡಬೇಕಾದ ಗ್ರೂಪನ್ನು ಮೊದಲು ಮಾಡಿದ್ದಾರೆ, ಮೊದಲು ಬರೆಯಬೇಕಾದ ಪಟ್ಟಿಯನ್ನು ಬರೆದೇ ಇಲ್ಲ.

ಬೇಕಾಗುವ ಸಾಮಾನು

ಗಟ್ಟಿ ರಟ್ಟಿನ ಉದ್ದನೆಯ ರಿಜಿಸ್ಟರ್ ಒಂದು, ಸ್ಮಾರ್ಟ್‌ಫೋನ್ ಒಂದು, ಸಿಕ್ಕರೆ ಹಳೆಯ ಗ್ರೂಪ್ ಫೋಟೊ. ನಿಮ್ಮ ಟ್ರೇಡ್ ಸರ್ಟಿಫಿಕೇಟನ್ನೂ ಟ್ರಂಕಿನಿಂದ ಹೊರಗೆ ತೆಗೆದಿಡಿ. ವರ್ಷಗಳ ವಿಷಯದಲ್ಲಿ ನೆನಪನ್ನು ನಂಬಬೇಡಿ.

ಜೊತೆಗೆ ಇಬ್ಬರು ಬೇಕು. ಒಬ್ಬ ಮಾತುಗಾರನಿರಲಿ, ಇನ್ನೊಬ್ಬನಿಗೆ ಫೋನಿನ ಸೆಟ್ಟಿಂಗ್ ತಿಳಿದಿರಲಿ. ಎಕ್ಸೆಲ್ ಶೀಟ್ ಮಾಡಿಕೊಡುತ್ತೇನೆಂದು ಮೊಮ್ಮಗ ಬಂದರೆ ಬೇಡ ಅನ್ನಬೇಡಿ. ಆದರೆ ಮೂಲ ಪ್ರತಿ ಕಾಗದದ ಮೇಲೆಯೇ ಇರಲಿ. ಫೋನ್ ಕೆಟ್ಟ ದಿನ ಅದೊಂದೇ ಉಳಿಯುತ್ತದೆ.

ಹಂತ 1: ಬ್ಯಾಚ್ ಎಂದರೆ ಯಾರು?

ಇದನ್ನು ಮೊದಲೇ ತೀರ್ಮಾನಿಸದಿದ್ದರೆ ಮುಂದೆ ತಕರಾರು ಖಂಡಿತ. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಎರಡು ವರ್ಷದ ಟ್ರೇಡುಗಳು, ವೆಲ್ಡರ್ ಒಂದೇ ವರ್ಷದ್ದು. ಒಂದೇ ದಿನ ಸೇರಿದವರು ಬೇರೆಬೇರೆ ವರ್ಷ ಹೊರಬಿದ್ದಿರುತ್ತಾರೆ. ಪರೀಕ್ಷೆಯಲ್ಲಿ ಉಳಿದು ಮುಂದಿನ ವರ್ಷ ಪಾಸಾದವರು, ನಡುವೆಯೇ ಬಿಟ್ಟು ಹೊಲಕ್ಕೋ ಸೈನ್ಯಕ್ಕೋ ಹೋದವರು ಬೇರೆ.

ಆದ್ದರಿಂದ ಪಾಸಾದ ವರ್ಷ ಬಿಡಿ, ಸೇರಿದ ವರ್ಷ ಹಿಡಿಯಿರಿ. ಒಂದೇ ಬಾಗಿಲಿನಿಂದ ಒಳಗೆ ಬಂದವರೆಲ್ಲ ಒಂದೇ ಬ್ಯಾಚ್. ಪಾಸಾಗದವನನ್ನು ಪಟ್ಟಿಯಿಂದ ಬಿಡುವವರು ಇದ್ದಾರೆ. ನನ್ನ ಪ್ರಕಾರ ಅದು ಸಣ್ಣತನ. ಅಂಥವರಲ್ಲಿ ಎಷ್ಟೋ ಜನ ಇಂದು ಸ್ವಂತ ಲೇತ್ ಹಾಕಿಕೊಂಡು ಊರಲ್ಲೇ ಇರುತ್ತಾರೆ, ಉಳಿದವರನ್ನು ಹುಡುಕಿಕೊಡುವವರೂ ಅವರೇ.

ಹಂತ 2: ರಿಜಿಸ್ಟರಿಗೆ ಗೆರೆ ಹಾಕಿ

ಒಬ್ಬನಿಗೆ ಅರ್ಧ ಪುಟ ಬಿಡಿ. ಹೆಸರು, ತಂದೆಯ ಹೆಸರು, ಆಗ ಕರೆಯುತ್ತಿದ್ದ ಹೆಸರು, ಟ್ರೇಡ್, ಆಗಿನ ಊರು, ಈಗಿನ ಊರು, ಕೆಲಸ ಮಾಡಿದ ಜಾಗ, ಅವನ ನಂಬರ್, ಮನೆಯವರ ನಂಬರ್, ಕೊನೆಯದಾಗಿ ಮಾತಾಡಿದ ತಾರೀಖು, ಇವಿಷ್ಟು ಬೇಕೇ ಬೇಕು. ಕೀಪ್ಯಾಡ್ ಫೋನ್ ಇದ್ದವನ ಹೆಸರಿನ ಮುಂದೆ ‘ಕೀ’ ಎಂದೂ, ಕಿವಿ ಮಂದ ಇದ್ದವನ ಮುಂದೆ ‘ಕಿ’ ಎಂದೂ ಬರೆದುಕೊಳ್ಳಿ. ಇದರ ಉಪಯೋಗ ನಾಲ್ಕನೇ ಮತ್ತು ಏಳನೇ ಹಂತದಲ್ಲಿ ತಿಳಿಯುತ್ತದೆ.

ಬರೀ ‘ಪಾಟೀಲ’ ಎಂದು ಬರೆದು ಮುಂದೆ ಹೋಗುವುದು ಎಲ್ಲರೂ ಮಾಡುವ ತಪ್ಪು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಪಾಟೀಲ, ಬಡಿಗೇರ, ಹಿರೇಮಠ, ಕುಂಬಾರ, ಮುಲ್ಲಾ ಹೆಸರುಗಳು ಒಂದೊಂದು ಬ್ಯಾಚಿನಲ್ಲೂ ಮೂರ್ನಾಲ್ಕು ಇರುತ್ತವೆ. ಫೋನಿನಲ್ಲಿ ಉಳಿಸಿಕೊಳ್ಳುವಾಗಲೂ ಹೆಸರು, ಊರು, ಟ್ರೇಡ್ ಮೂರನ್ನೂ ಸೇರಿಸಿ: ‘ಪಾಟೀಲ ತೇರದಾಳ ಟರ್ನರ್’.

ಎಲ್ಲಕ್ಕಿಂತ ಮುಖ್ಯವಾದದ್ದು ಮನೆಯವರ ನಂಬರ್. ಹೆಂಡತಿ, ಮಗ, ಸೊಸೆ, ಅಳಿಯ, ಯಾರದ್ದಾದರೂ ನಡೆಯುತ್ತದೆ. ಗೆಳೆಯನ ಫೋನ್ ಮೌನವಾದ ದಿನ ನಿಮಗೆ ಉಳಿಯುವ ದಾರಿ ಅದೊಂದೇ. ಈ ಜಾಗ ಖಾಲಿ ಇದ್ದರೆ ಆ ಹೆಸರಿನ ಕೆಲಸ ಮುಗಿದಿಲ್ಲ ಎಂದೇ ತಿಳಿಯಿರಿ.

ಹಂತ 3: ಹುಡುಕಾಟ

ಹಳೆಯ ವಿಳಾಸ ಹಿಡಿದು ಹೊರಟವರು ಮೊದಲು ಎಡವುವುದು ನಕಾಶೆಯಲ್ಲಿ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಸೇರಿದವರ ದಾಖಲೆಯಲ್ಲಿ ಬಾದಾಮಿ, ಮುಧೋಳ, ಜಮಖಂಡಿ, ಹುನಗುಂದದ ಹುಡುಗರೆಲ್ಲ ‘ಬಿಜಾಪುರ ಜಿಲ್ಲೆ’ಯವರೇ. ತಾಲ್ಲೂಕುಗಳೂ ಒಡೆದಿವೆ. ಆಗ ಹುನಗುಂದ ಎಂದಿದ್ದದ್ದು ಈಗ ಇಳಕಲ್ ಇರಬಹುದು. ಹಾಗೆಯೇ ಬಾದಾಮಿಯಿಂದ ಗುಳೇದಗುಡ್ಡ, ಗೋಕಾಕದಿಂದ ಮೂಡಲಗಿ, ಅಥಣಿಯಿಂದ ಕಾಗವಾಡ, ಮುದ್ದೇಬಿಹಾಳದಿಂದ ತಾಳಿಕೋಟೆ, ಇಂಡಿಯಿಂದ ಚಡಚಣ ಬೇರೆಯಾಗಿವೆ. ತಾಲ್ಲೂಕಿನ ಹೆಸರಿಗೆ ಜೋತುಬೀಳದೆ ಊರಿನ ಹೆಸರು ಹಿಡಿದು ಕೇಳಿ.

ಊರೇ ಇಲ್ಲದಿದ್ದರೆ? ಆಲಮಟ್ಟಿ ಹಿನ್ನೀರು ಬಂದಮೇಲೆ ಹಳೇ ಬಾಗಲಕೋಟೆಯ ಓಣಿಗಳು ಖಾಲಿಯಾಗಿ ಜನ ನವನಗರಕ್ಕೆ ಹೋದರು, ಕೃಷ್ಣಾ, ಘಟಪ್ರಭಾ ದಂಡೆಯ ಹಳ್ಳಿಗಳು ಪುನರ್ವಸತಿ ಕೇಂದ್ರಗಳಿಗೆ ಎದ್ದು ಹೋದವು. ಇಂಥವನನ್ನು ಹುಡುಕುವಾಗ ಓಣಿ, ಗುಡಿ ಹೆಸರು ಹೇಳಿ ಪ್ರಯೋಜನವಿಲ್ಲ. ಮೂಲ ಊರಿನ ಹೆಸರು ಹೇಳಿ, ಆ ಊರಿನವರು ಯಾವ ಪುನರ್ವಸತಿ ಕೇಂದ್ರದಲ್ಲಿದ್ದಾರೆ ಎಂದು ಕೇಳಿ. ನವನಗರವಾದರೆ ಸೆಕ್ಟರ್ ನಂಬರ್ ಕೇಳಿ, ಅಲ್ಲಿ ವಿಳಾಸ ನಡೆಯುವುದೇ ಅದರ ಮೇಲೆ.

ಇನ್ನು ಕೆಲಸದ ಜಾಡು. ನಮ್ಮ ಕಡೆಯ ಐಟಿಐ ಹುಡುಗರು ಹೋದ ದಾರಿಗಳು ಹೆಚ್ಚಿಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ಮತ್ತು ಮಶಿನ್ ಶಾಪುಗಳು, ಸಕ್ಕರೆ ಕಾರ್ಖಾನೆಗಳು, ಗೋಕಾಕದ ಮಿಲ್ಲು, ಬಾಗಲಕೋಟೆಯ ಸಿಮೆಂಟ್, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್, ಬಸ್ ಡಿಪೊ, ವಿದ್ಯುತ್ ಮಂಡಳಿ. ಊರು ಬಿಟ್ಟವರಾದರೆ ಕೊಲ್ಹಾಪುರ, ಇಚಲಕರಂಜಿ, ಪುಣೆ, ಗೋವಾ, ಬೆಂಗಳೂರು. ಪ್ರತಿಯೊಂದು ಜಾಗದಲ್ಲೂ ನಿವೃತ್ತರು ಕೂಡುವ ಒಂದು ಕಟ್ಟೆ ಅಥವಾ ಚಹಾದಂಗಡಿ ಇದ್ದೇ ಇರುತ್ತದೆ. ಅಲ್ಲಿ ಒಬ್ಬ ಸಿಕ್ಕರೆ ಐದು ಹೆಸರು ಸಿಗುತ್ತವೆ. ಡಿಪೊದವರನ್ನು ಹುಡುಕುವಾಗ ಒಂದು ನೆನಪಿರಲಿ: ಬೆಳಗಾವಿ, ಬಾಗಲಕೋಟೆ ವಾಯವ್ಯ ಸಾರಿಗೆಗೆ ಸೇರಿದರೆ ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಗೆ ಸೇರುತ್ತದೆ. ವಾಯವ್ಯ ಸಾರಿಗೆಯ ಹುಬ್ಬಳ್ಳಿ ಕಚೇರಿಯಲ್ಲಿ ವಿಜಯಪುರದವರ ಹೆಸರು ಕೇಳಿ ಬರಿಗೈಯಲ್ಲಿ ಬರಬೇಡಿ.

ಕಲಿತ ಸಂಸ್ಥೆಗೂ ಒಮ್ಮೆ ಹೋಗಿ ಬನ್ನಿ. ಪ್ರಾಚಾರ್ಯರ ಹೆಸರಿಗೆ ಅರ್ಜಿ ಬರೆದು, ನಿಮ್ಮ ಸರ್ಟಿಫಿಕೇಟಿನ ನಕಲು ಲಗತ್ತಿಸಿ, ಆ ವರ್ಷ ಸೇರಿದವರ ಹೆಸರು ಮತ್ತು ಊರನ್ನಷ್ಟೇ ಕೇಳಿ. ಜಾತಿ, ಅಂಕ, ಜನ್ಮದಿನಾಂಕ ಕೇಳಲು ಹೋದರೆ ಸಿಗುವುದೂ ಸಿಗುವುದಿಲ್ಲ.

ಅವಸರ ಬೇಡ. ಡೈ ಹಿಡಿದು ಥ್ರೆಡ್ ಹಾಕುವಾಗ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತಿದ್ದೆವಲ್ಲ, ಹುಡುಕಾಟವೂ ಹಾಗೆಯೇ. ನಾಲ್ಕು ಹೊಸ ಹೆಸರು ಸಿಕ್ಕಮೇಲೆ ನಿಂತು, ಆ ನಾಲ್ವರಿಗೂ ಫೋನ್ ಮಾಡಿ ಖಾತ್ರಿ ಮಾಡಿಕೊಂಡು ಮುಂದೆ ಹೋಗಿ. ಬರೀ ನಂಬರ್ ಕೂಡಿಸುತ್ತ ಹೋದರೆ ಅರ್ಧ ನಂಬರುಗಳು ಬೇರೆಯವರವೇ ಆಗಿರುತ್ತವೆ.

ಹಂತ 4: ಮೊದಲ ಫೋನ್

ನೇರವಾಗಿ ಗ್ರೂಪಿಗೆ ಸೇರಿಸಬೇಡಿ, ಮೊದಲು ಮಾತಾಡಿ. ಎಷ್ಟೋ ವರ್ಷಗಳ ಮೇಲೆ ಬರುವ ಫೋನಿಗೆ ಮನೆಯವರು ಹೆದರುತ್ತಾರೆ. ಸಾಲದವನೋ ಮೋಸದವನೋ ಎಂಬ ಸಂಶಯ ಬರುವುದು ಸಹಜ. ಫೋನ್ ಎತ್ತಿದ್ದು ಮಗನಾದರೆ ಹೀಗೆ ಶುರುಮಾಡಿ:

“ತಮ್ಮಾ, ನಾ ನಿಮ್ಮ ಅಪ್ಪಾರ ಜೋಡಿ ಬಿಜಾಪುರದಾಗ ಐಟಿಐ ಕಲ್ತಾಂವ. ಅವರು ಫಿಟ್ಟರ್, ನಾ ಟರ್ನರ್. ಆರಾಮ ಅದಾರೇನಪಾ?”

ಟ್ರೇಡ್ ಹೆಸರು ಹೇಳಿದ ಕೂಡಲೇ ಅರ್ಧ ಅನುಮಾನ ಕಳೆಯುತ್ತದೆ. ಹುಡುಗ ‘ಕಾಕಾ, ಕೊಡ್ತೇನಿ ತಡೀರಿ’ ಅಂದನೆಂದರೆ ಗೆದ್ದಿರಿ. ಎತ್ತಿದ್ದು ಅವನ ಹೆಂಡತಿಯಾದರೆ ವೈನಿ ಎಂದೋ ಅಕ್ಕಾರ ಎಂದೋ ನಿಮ್ಮ ಮನೆಯ ರೂಢಿಯಂತೆ ಕರೆದು, ಊರು ಮತ್ತು ಮನೆತನ ಹೇಳಿ. ಗೆಳೆಯನ ಹಳೆಯ ಅಡ್ಡಹೆಸರನ್ನು ಅವರ ಮುಂದೆ ತೆಗೆಯಬೇಡಿ. ಹಾಸ್ಟೆಲಿನಲ್ಲಿ ನಡೆಯುತ್ತಿದ್ದದ್ದು ಸೊಸೆಯ ಎದುರಿಗೆ ನಡೆಯುವುದಿಲ್ಲ.

ಗೆಳೆಯ ಫೋನಿಗೆ ಬಂದಮೇಲೂ ‘ಹಾಂ? ಹಾಂ?’ ಎಂದಷ್ಟೇ ಅನ್ನುತ್ತಿದ್ದರೆ ಆಸಕ್ತಿ ಇಲ್ಲವೆಂದು ಬೇಜಾರಾಗಬೇಡಿ. ಬಾಯ್ಲರ್, ಪ್ರೆಸ್, ಮಗ್ಗದ ಶೆಡ್ಡು, ಗ್ರೈಂಡಿಂಗ್, ಇಂಥ ಸದ್ದಿನಲ್ಲಿ ದುಡಿದವರ ಕಿವಿ ಮೊದಲು ಕಳೆದುಕೊಳ್ಳುವುದು ಸಣ್ಣ ದನಿಯ ಅಕ್ಷರಗಳನ್ನು. ನೀವು ಕೂಗಿದರೆ ಸದ್ದು ಜೋರಾಗುತ್ತದೆ, ಮಾತು ತಿಳಿಯುವುದಿಲ್ಲ. ವಿಡಿಯೊ ಕಾಲ್ ಮಾಡಿ, ತುಟಿ ಕಾಣುವಂತೆ ಬೆಳಕಿಗೆ ಮುಖಮಾಡಿ ನಿಧಾನ ಮಾತಾಡಿ. ರಿಜಿಸ್ಟರಿನಲ್ಲಿ ‘ಕಿ’ ಗುರುತು ಹಾಕಿ. ಮುಂದೆ ಅವನಿಗೆ ಸುದ್ದಿ ಬರೆದೇ ಕಳಿಸಿ, ಧ್ವನಿ ಸಂದೇಶ ಬೇಡ. ಕಣ್ಣಿನ ಪೊರೆ ಬಂದವನಿಗೆ ಇದರ ಉಲ್ಟಾ, ಧ್ವನಿಯೇ ವಾಸಿ.

ಮೊದಲ ಮಾತಿನಲ್ಲೇ ಪಿಂಚಣಿ ಎಷ್ಟು, ಮಕ್ಕಳು ಎಲ್ಲಿ ನೌಕರಿ, ಮನೆ ಸ್ವಂತವೋ ಬಾಡಿಗೆಯೋ ಎಂದು ಕೇಳಬೇಡಿ. ವಿದ್ಯುತ್ ಮಂಡಳಿಯಲ್ಲಿ ನಿವೃತ್ತನಾದವನಿಗೂ ಖಾಸಗಿ ಫೌಂಡ್ರಿಯಲ್ಲಿ ಸವೆದವನಿಗೂ ಬರುವ ದುಡ್ಡಿನಲ್ಲಿ ಭೂಮಿ ಆಕಾಶದ ಅಂತರ. ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಹೆಚ್ಚಿನವರು ಗ್ರೂಪಿನಿಂದ ದೂರ ಉಳಿಯುವುದು ಈ ಸಂಕೋಚಕ್ಕೆ. ‘ಈಗ ಬ್ಯಾಡ’ ಅಂದವನನ್ನು ಒತ್ತಾಯ ಮಾಡಬೇಡಿ. ಹೆಸರು ಪಟ್ಟಿಯಲ್ಲಿರಲಿ, ಮುಂದಿನ ದಸರೆಗೆ ಬನ್ನಿ ಬಂಗಾರದ ನೆಪ ಮಾಡಿ ಒಮ್ಮೆ ಫೋನ್ ಮಾಡಿದರೆ ಸಾಕು.

ಹಂತ 5: ತಾಲ್ಲೂಕಿಗೊಬ್ಬ

ಇಡೀ ಪಟ್ಟಿಯನ್ನು ಒಬ್ಬನೇ ಹೊತ್ತರೆ ಅವನಿಗೆ ಮೊಣಕಾಲು ನೋವು ಬಂದ ದಿನ ಎಲ್ಲ ನಿಲ್ಲುತ್ತದೆ. ತಾಲ್ಲೂಕಿಗೆ ಒಬ್ಬನನ್ನು ಗೊತ್ತುಮಾಡಿ, ಅವನಿಗೆ ಐದಾರು ಮನೆಗಳಷ್ಟೇ ಇರಲಿ. ಎರಡು ತಿಂಗಳಿಗೊಮ್ಮೆ ಆ ಮನೆಗಳಿಗೆ ಫೋನ್ ಮಾಡುವುದು, ಸಾಧ್ಯವಾದರೆ ಸಂತೆ ದಿನ ಮುಖ ನೋಡುವುದು, ಇಷ್ಟೇ ಅವನ ಕೆಲಸ. ಮಹಾರಾಷ್ಟ್ರ, ಗೋವಾ, ಬೆಂಗಳೂರಿಗೆ ಒಬ್ಬೊಬ್ಬ.

ಗುಂಪಿನ ದೊಡ್ಡ ಹುದ್ದೆಯವನನ್ನು ಇದಕ್ಕೆ ಹಿಡಿಯಬೇಡಿ. ಕಿರಾಣಿ ಅಂಗಡಿ, ವೈಂಡಿಂಗ್ ಅಂಗಡಿ, ಹಿಟ್ಟಿನ ಗಿರಣಿ ಇಟ್ಟುಕೊಂಡವನು ಉತ್ತಮ, ದಿನವಿಡೀ ಕೂತಲ್ಲೇ ಊರ ಸುದ್ದಿ ಬಂದು ಬೀಳುತ್ತದೆ.

ಹಂತ 6: ಈಗ ಗ್ರೂಪ್ ತೆರೆಯಿರಿ

ಎರಡು ಗ್ರೂಪ್ ಮಾಡಿ. ಒಂದು ‘ಸುದ್ದಿ’, ಇನ್ನೊಂದು ‘ಹರಟೆ’. ಸುದ್ದಿ ಗ್ರೂಪಿನ ಸೆಟ್ಟಿಂಗಿನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸುವಂತೆ ಮಾಡಿ, ತಾಲ್ಲೂಕಿಗೊಬ್ಬನಂತೆ ಗೊತ್ತುಮಾಡಿದವರನ್ನೆಲ್ಲ ಅಡ್ಮಿನ್ ಮಾಡಿ. ಗುಲಾಬಿ ಹೂವು, ಮನೆಮದ್ದು, ಮೋದಿ, ಸಿದ್ದರಾಮಯ್ಯ ಎಲ್ಲ ಹರಟೆಗೆ. ಒಂದೇ ಗ್ರೂಪ್ ಇಟ್ಟುಕೊಂಡು ‘ಫಾರ್ವರ್ಡ್ ಹಾಕಬೇಡಿ’ ಎಂದು ಬೇಡಿಕೊಳ್ಳುವ ಉಪಾಯ ಎಲ್ಲಿಯೂ ನಡೆದದ್ದನ್ನು ನಾನು ಕಂಡಿಲ್ಲ.

ಅಡ್ಮಿನ್ ಒಬ್ಬನೇ ಇರಬಾರದು. ಅವನು ತೀರಿಕೊಂಡರೆ ಹೊಸಬರನ್ನು ಸೇರಿಸುವ, ಅಪರಿಚಿತರನ್ನು ತೆಗೆಯುವ ಅಧಿಕಾರ ಅವನ ಬಂದ್ ಆದ ಫೋನಿನಲ್ಲೇ ಉಳಿಯುತ್ತದೆ. ಕನಿಷ್ಠ ಮೂವರಿರಲಿ, ಅವರಲ್ಲಿ ಒಬ್ಬ ಬೇರೆ ಊರಿನವನಿರಲಿ. ಸೇರುವ ಲಿಂಕನ್ನು ಎಲ್ಲೆಡೆ ಹಂಚಬೇಡಿ. ಹೊಸಬರಿಗೆ ಅಡ್ಮಿನ್ ಒಪ್ಪಿಗೆ ಬೇಕೆನ್ನುವ ಸೆಟ್ಟಿಂಗ್ ಹಾಕಿ. ಸಂದೇಶ ತಾನಾಗಿ ಅಳಿಯುವ ಆಯ್ಕೆ ಬಂದ್ ಇರಲಿ, ಮಣ್ಣು ಮಾಡುವ ಜಾಗದ ವಿಳಾಸವೇ ಅಳಿದುಹೋದೀತು.

ಬೆಳಗಾವಿ, ಖಾನಾಪುರ, ನಿಪ್ಪಾಣಿಯ ಬ್ಯಾಚುಗಳಲ್ಲಿ ಮರಾಠಿ ಗೆಳೆಯರು ಇದ್ದೇ ಇರುತ್ತಾರೆ. ಅವರು ಕನ್ನಡ ಆಡುತ್ತಾರೆ, ಓದುವುದು ಕಷ್ಟ. ಸುದ್ದಿಯ ಕೆಳಗೆ ಒಂದು ಸಣ್ಣ ಧ್ವನಿ ಸಂದೇಶ ಹಾಕಿದರೆ ಸಾಕು. ಯಾವ ಭಾಷೆಯಲ್ಲಿ ಬರೆಯಬೇಕೆಂಬ ವಾದಕ್ಕೆ ಗ್ರೂಪಿನಲ್ಲಿ ಜಾಗ ಕೊಡಬೇಡಿ.

ಹಂತ 7: ಸುದ್ದಿ ಮುಟ್ಟಿಸುವ ಕ್ರಮ

ಮದುವೆ, ವಾಸ್ತುಶಾಂತಿ, ಮೊಮ್ಮಗನ ನಾಮಕರಣ ಇವಕ್ಕೆ ನಿಯಮ ಬೇಕಿಲ್ಲ, ಹರಟೆಯಲ್ಲಿ ಬಿದ್ದರೂ ನಡೆಯುತ್ತದೆ.

ಜಡ್ಡಿನ ಸುದ್ದಿ ಹಾಗಲ್ಲ. ಲಕ್ವಾ ಹೊಡೆದು ಮಲಗಿದವನ ಫೋಟೊ ಹಾಕುವವರಿದ್ದಾರೆ. ಆ ಮನುಷ್ಯ ನಾಳೆ ಎದ್ದು ಕೂತು ಅದನ್ನು ನೋಡುತ್ತಾನೆ. ಮನೆಯವರನ್ನು ಕೇಳದೆ ಏನನ್ನೂ ಹಾಕಬೇಡಿ. ಯಾವ ದವಾಖಾನೆ, ಭೇಟಿಗೆ ಬರಬಹುದೋ ಬೇಡವೋ, ಯಾರಿಗೆ ಫೋನ್ ಮಾಡಬೇಕು, ಇಷ್ಟು ಸಾಕು.

ಸಾವಿನ ಸುದ್ದಿಗೆ ವಾಟ್ಸ್‌ಆ್ಯಪ್ ಎರಡನೆಯದು, ಫೋನ್ ಮೊದಲನೆಯದು. ನಮ್ಮಲ್ಲಿ ಬೆಳಿಗ್ಗೆ ಹೋದರೆ ಸಂಜೆಯೊಳಗೆ ಮಣ್ಣು. ಮಧ್ಯಾಹ್ನ ಮಲಗಿ ಎದ್ದು ಸಂದೇಶ ನೋಡುವವನಿಗೆ ಬಸ್ ಸಿಗುವುದಿಲ್ಲ. ತಾಲ್ಲೂಕಿನವನು ಮನೆಯವರಿಂದ ಖಾತ್ರಿ ಮಾಡಿಕೊಂಡು ಉಳಿದ ತಾಲ್ಲೂಕಿನವರಿಗೆ ಫೋನ್ ಮಾಡಬೇಕು, ಅವರು ತಮ್ಮತಮ್ಮ ಐದಾರು ಮನೆಗೆ. ‘ಕೀ’ ಗುರುತಿನವರಿಗೆ ಮೊದಲು, ಏಕೆಂದರೆ ಅವರಿಗೆ ಬೇರೆ ದಾರಿಯಿಲ್ಲ. ಆಮೇಲೆ ಸುದ್ದಿ ಗ್ರೂಪಿನಲ್ಲಿ ಹೀಗೆ ಬರೆಯಿರಿ:

“ನಮ್ಮ ಬ್ಯಾಚಿನ ಫಿಟ್ಟರ್ (ಹೆಸರು), ಬೀಳಗಿ, ಈ ದಿನ ಬೆಳಿಗ್ಗೆ ತೀರಿಕೊಂಡರು. ಮನೆಯವರಿಂದ ಖಾತ್ರಿ ಮಾಡಿಕೊಂಡಿದೆ. ಸಂಜೆ 4ಕ್ಕೆ ಸ್ವಂತ ಹೊಲದಲ್ಲಿ ಮಣ್ಣು. ಬಸ್ ಸ್ಟ್ಯಾಂಡಿನಿಂದ ದಾರಿ ತೋರಿಸಲು ಅವರ ಅಳಿಯ ಇರುತ್ತಾರೆ, ನಂಬರ್ ಕೆಳಗಿದೆ.”

ಕೇಳಿದ ಮಾತು ನಂಬಿ ಸಾವಿನ ಸುದ್ದಿ ಹಾಕಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರಿರುವುದು ನಮ್ಮಲ್ಲಿ ಅಪರೂಪವೇನಲ್ಲ.

ಮಣ್ಣಿಗೆ ಹೋಗಿ ಬಂದರೆ ಕೆಲಸ ಮುಗಿಯಲಿಲ್ಲ. ಸಾವನ್ನು 21 ದಿನದೊಳಗೆ ನೋಂದಣಿ ಮಾಡಿಸಬೇಕು. ಪಿಂಚಣಿ ಬರುತ್ತಿದ್ದವನಾದರೆ ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರ್ ಹುಡುಕಿ, ಮರಣ ಪತ್ರದೊಂದಿಗೆ ಬ್ಯಾಂಕಿಗೋ ಭವಿಷ್ಯನಿಧಿ ಕಚೇರಿಗೋ ತಿಳಿಸಿ, ಹೆಂಡತಿಯ ಪಿಂಚಣಿಗೆ ಅರ್ಜಿ ಹಾಕಬೇಕು. ಎಷ್ಟೋ ಹೆಣ್ಣುಮಕ್ಕಳಿಗೆ ತಮಗೆ ಅದು ಬರುತ್ತದೆಂಬುದೇ ತಿಳಿದಿರುವುದಿಲ್ಲ. ದಿನಕರ್ಮ ಮುಗಿದ ಮೇಲೆ ಕಾಗದಪತ್ರ ಬಲ್ಲ ಒಬ್ಬ ಆ ಮನೆಗೆ ಹೋಗಿ ಟ್ರಂಕ್ ತೆಗೆಸಿ ನೋಡಲಿ. ಸಹಾಯದ ದುಡ್ಡು ಕೊಡುವುದಿದ್ದರೆ ಪ್ರತಿಯೊಬ್ಬರೂ ನೇರ ಆ ಮನೆಯವರ ಖಾತೆಗೆ ಹಾಕಿ. ಗ್ರೂಪಿನ ಹೆಸರಲ್ಲಿ ಫಂಡ್, ಭಿಶಿ (ಚೀಟಿ ವ್ಯವಹಾರ) ಶುರುವಾಯಿತೆಂದರೆ ಸ್ನೇಹಕ್ಕೆ ಅಲ್ಲಿಂದಲೇ ಗೆದ್ದಲು.

ಎಚ್ಚರಿಕೆಯ ಗುರುತುಗಳು

ಒಬ್ಬನಿಗೆ ಕಳಿಸಿದ ಸಂದೇಶಕ್ಕೆ ವಾರಗಟ್ಟಲೆ ಒಂದೇ ಟಿಕ್ ಇದ್ದರೆ ಅವನ ಫೋನ್ ಬಂದ್ ಇರಬಹುದು ಅಥವಾ ನಂಬರ್ ಹೋಗಿರಬಹುದು. ಕೂಡಲೇ ಮನೆಯವರ ನಂಬರಿಗೆ ಮಾಡಿ. ದಿನಾ ಹೂವು ಕಳಿಸುತ್ತಿದ್ದವನು ಸುಮ್ಮನಾದರೂ ಹಾಗೆಯೇ. ಆ ಹೂವಿಗೆ ನಾವೆಲ್ಲ ಬೈಯುತ್ತೇವೆ, ಆದರೆ ಅದು ಅವನ ಹಾಜರಿ.

ರಿಚಾರ್ಜ್ ನಿಂತು ಬಂದ್ ಆದ ನಂಬರನ್ನು ಕಂಪನಿಗಳು 90 ದಿನಗಳ ಮೇಲೆ ಬೇರೆಯವರಿಗೆ ಕೊಡಬಹುದು. ಗೆಳೆಯನ ಹೆಸರಿನಲ್ಲಿ ಹೊಸ ಮುಖದ ಫೋಟೊ ಕಂಡರೆ ಗ್ರೂಪಿನಿಂದ ತೆಗೆದು, ವಿಚಾರಿಸಿ ಸೇರಿಸಿ.

ಮದುವೆ ಕರೆಯೋಲೆ ಎಂದು ಬಂದ ಕಡತದ ಹೆಸರಿನ ಕೊನೆಗೆ ‘ಎಪಿಕೆ’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಮುಟ್ಟಬೇಡಿ. ಕರೆಯೋಲೆ ಫೋಟೊ ಇರುತ್ತದೆ ಅಥವಾ ಪಿಡಿಎಫ್ ಇರುತ್ತದೆ, ಎಪಿಕೆ ಎಂದರೆ ಫೋನಿಗೆ ಇಳಿಯುವ ಆ್ಯಪ್. ಗೆಳೆಯನ ನಂಬರಿನಿಂದಲೇ ‘ಅರ್ಜೆಂಟ್ ದುಡ್ಡು ಕಳಸು’ ಎಂದು ಬಂದರೂ ಮೊದಲು ಅವನಿಗೆ ಮಾಮೂಲಿ ಕಾಲ್ ಮಾಡಿ ದನಿ ಕೇಳಿ. ವಾಟ್ಸ್‌ಆ್ಯಪಿನ ಆರು ಅಂಕಿಯ ಕೋಡ್ ಕೇಳಿದವನು ಎಷ್ಟೇ ಆಪ್ತನಾದರೂ ಕೊಡಬೇಡಿ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆಪಟ್ಟು ಕೂಡದೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಂತ 8: ವರ್ಷಕ್ಕೊಮ್ಮೆ ಕೂಡುವುದು

ಮೊದಲ ಸಲವೇ ರೆಸಾರ್ಟು, ಶಾಲು, ಸ್ಮರಣಿಕೆ ಎಂದು ಹೊರಟರೆ ಎರಡನೇ ಸಲ ಆಗುವುದಿಲ್ಲ. ವಿಜಯಪುರ, ಬಾಗಲಕೋಟೆ ಎರಡೂ ಕಡೆಯವರಿಗೆ ಕೂಡಲಸಂಗಮ, ಆಲಮಟ್ಟಿ ನಡುವೆ ಬೀಳುತ್ತವೆ. ಬೆಳಗಾವಿ ಕಡೆಯವರಿಗೆ ಗೋಕಾಕ. ಬೆಳಿಗ್ಗೆ ಬಂದು ಸಂಜೆ ಮನೆ ಸೇರುವಂತಿರಲಿ. ಬಸ್ ಸ್ಟ್ಯಾಂಡಿನಿಂದ ದೂರ ಇರಬಾರದು, ಕಮೋಡ್ ಇರುವ ಶೌಚಾಲಯ ಇರಲೇಬೇಕು. ಊಟ ಮುಖ್ಯವೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲಿಯಾದರೂ ಸಿಗುತ್ತವೆ, ಮೊಣಕಾಲು ಮಡಿಸದೆ ಕೂಡುವ ಜಾಗ ಸಿಗುವುದಿಲ್ಲ.

ಏಪ್ರಿಲ್, ಮೇ ಬಿಸಿಲು ಬೇಡ. ಎಳ್ಳಮಾವಾಸ್ಯೆಯ ದಿನ ಎಲ್ಲರೂ ಚರಗ ಚೆಲ್ಲಲು ತಮ್ಮತಮ್ಮ ಹೊಲದಲ್ಲಿರುತ್ತಾರೆ. ಸಂಕ್ರಾಂತಿ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ದೀಪಾವಳಿ ಮುಗಿದ ಮೇಲಿನ ನವೆಂಬರ್ ಒಳ್ಳೆಯದು, ಅದಕ್ಕೆ ಇನ್ನೊಂದು ಕಾರಣವೂ ಇದೆ. ಸರ್ಕಾರಿ ಪಿಂಚಣಿಯವರು ಜೀವನ ಪ್ರಮಾಣಪತ್ರ ಕೊಡುವ ತಿಂಗಳು ಅದು. ಭವಿಷ್ಯನಿಧಿ ಪಿಂಚಣಿಯವರು ವರ್ಷದ ಯಾವಾಗ ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಕಾನಸು, ಗರಗಸ, ಸಿಮೆಂಟು ಹಿಡಿದ ಬೆರಳುಗಳ ಗೆರೆ ಸವೆದು ಯಂತ್ರ ಬೆರಳಚ್ಚು ಒಪ್ಪದೇ ಹೋಗುವುದು ನಮ್ಮವರಲ್ಲಿ ಸಾಮಾನ್ಯ. ಅಂಥವರಿಗೆ ಮುಖ ತೋರಿಸಿ ದೃಢೀಕರಿಸುವ ಜೀವನ್ ಪ್ರಮಾಣ್ ಆ್ಯಪ್ ಇದೆ. ಆಧಾರ್, ಪಿಪಿಒ ನಂಬರ್, ಆಧಾರಿಗೆ ಜೋಡಿಸಿದ ಫೋನ್ ತರಲು ಹೇಳಿ. ಸೆಟ್ಟಿಂಗ್ ಬಲ್ಲ ಗೆಳೆಯ ಊಟಕ್ಕೆ ಮುಂಚೆ ಬಾಗಿಲ ಬೆಳಕಿನಲ್ಲಿ ಕೂತು ಒಬ್ಬೊಬ್ಬರದ್ದಾಗಿ ಮುಗಿಸಲಿ.

ಹೆಂಡತಿಯರನ್ನೂ ಕರೆಯಿರಿ. ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಅವರಿಗೆ ಟಿಕೆಟ್ ಖರ್ಚಿಲ್ಲ, ಗುರುತಿನ ಚೀಟಿ ಇದ್ದರಾಯಿತು. ಕೊಲ್ಹಾಪುರ, ಸಾಂಗ್ಲಿಯಿಂದ ಬರುವ ಅಂತರರಾಜ್ಯ ಬಸ್ಸಿಗೆ ಇದು ನಡೆಯುವುದಿಲ್ಲ, ಮೊದಲೇ ತಿಳಿಸಿಬಿಡಿ. ಹೆಂಗಸರು ಒಬ್ಬರ ನಂಬರ್ ಒಬ್ಬರು ತೆಗೆದುಕೊಂಡರೆ ನಿಮ್ಮ ರಿಜಿಸ್ಟರಿನ ‘ಮನೆಯವರ ನಂಬರ್’ ಎಂಬ ಜಾಗ ತಾನಾಗಿಯೇ ಸರಿಯಾಗುತ್ತದೆ.

ಹಂತ 9: ರಿಜಿಸ್ಟರಿನ ನಕಲು

ಕೂಡಿದ ದಿನವೇ ಒಬ್ಬ ರಿಜಿಸ್ಟರ್ ಹಿಡಿದು ಕೂತು ಪ್ರತಿಯೊಬ್ಬರಿಂದ ಎರಡೂ ನಂಬರ್ ಓದಿಸಿ ತಾಳೆ ನೋಡಲಿ. ತೀರಿಕೊಂಡವರ ಹೆಸರಿಗೆ ಕಾಟು ಹಾಕಬೇಡಿ, ತಾರೀಖು ಬರೆದು ಮನೆಯವರ ನಂಬರ್ ಹಾಗೇ ಉಳಿಸಿ. ಮುಂದಿನ ವರ್ಷ ಆ ಮನೆಗೂ ಕರೆ ಹೋಗಬೇಕು.

ಆಮೇಲೆ ಝೆರಾಕ್ಸ್ ಮಾಡಿಸಿ ತಾಲ್ಲೂಕಿನವರಿಗೆ ಒಂದೊಂದು ಕೊಡಿ, ಹಿಂದಿನ ವರ್ಷದ ಪ್ರತಿ ವಾಪಸ್ ತೆಗೆದುಕೊಂಡು ಹರಿದುಹಾಕಿ. ಎರಡು ವರ್ಷದ ನಂಬರುಗಳು ಒಂದೇ ಮನೆಯಲ್ಲಿದ್ದರೆ ತುರ್ತಿನಲ್ಲಿ ಕೈಗೆ ಸಿಗುವುದು ಹಳೆಯದೇ. ಮೂಲ ರಿಜಿಸ್ಟರ್ ಯಾವ ಕಪಾಟಿನಲ್ಲಿದೆ, ಯಾರಿಗೆ ಕೊಡಬೇಕು ಎಂಬುದನ್ನು ನಿಮ್ಮ ಮನೆಯಲ್ಲಿ ಇಬ್ಬರಿಗೆ ಹೇಳಿಡಿ, ಮುಂದಿನವನ ಹೆಸರು ಮತ್ತು ನಂಬರನ್ನು ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ.